ಚೀಟಿಯಿಲ್ಲದ ಮೂಟೆ

ಅಂಕಣ: ಊರ ಕಡೆಯ ಮಾತು



ಹೋದ ಸಂಚಿಕೆಯಲ್ಲಿ ಹಬ್ಬದೂಟದ ಬಗ್ಗೆ ಬರೆದದ್ದನ್ನು ಓದಿ ಇಬ್ಬರು ಮೂವರು ಫೋನ್ ಮಾಡಿ, "ಊಟದ ಮಾತು ಸಾಕು ಮಾರಾಯರೆ, ಊರಿನ ಮಾತು ಬರೆಯಿರಿ" ಎಂದರು. ಈ ಸಲ ಊಟಕ್ಕೂ ಊರಿಗೂ ಎರಡಕ್ಕೂ ಸೇರಿದ ಒಂದು ವಸ್ತುವನ್ನು ಎತ್ತಿಕೊಂಡಿದ್ದೇನೆ. ಇಲ್ಲಿ ನಾಶಿಕದಲ್ಲಿ ಅದು ಬಟಾಟಾ. ನಮ್ಮ ಹುಬ್ಬಳ್ಳಿ, ಧಾರವಾಡದ ಬಂಧುಗಳ ಬಾಯಲ್ಲಿ ಬಟಾಟಿ. ನಮ್ಮ ಹಾಸನದ ಕಡೆ ಆಲೂಗೆಡ್ಡೆ. ಆದರೆ ಇವತ್ತಿನ ಮಾತು ಪಲ್ಯಕ್ಕೆ ಹೋಗುವ ಗೆಡ್ಡೆಯದಲ್ಲ, ಮಣ್ಣಿಗೆ ಹೋಗುವ ಗೆಡ್ಡೆಯದು.

ಕಳೆದ ಏಪ್ರಿಲ್ ಕೊನೆಯಲ್ಲಿ ನಾನೂ ನನ್ನಾಕೆಯೂ ಮಗಳ ಮನೆಗೆಂದು ಛತ್ರಪತಿ ಸಂಭಾಜಿನಗರಕ್ಕೆ ಹೋಗಿದ್ದೆವು. (2023ರಲ್ಲಿ ಹೆಸರು ಬದಲಾಗಿದ್ದರೂ ನನ್ನ ಬಾಯಿಗೆ ಇನ್ನೂ ಔರಂಗಾಬಾದ್ ಎಂದೇ ಬರುತ್ತದೆ, ಮಗಳು ತಿದ್ದುತ್ತಿರುತ್ತಾಳೆ.) ಅಳಿಯಂದಿರು ಪಿತಳಖೋರಾದ ಗುಹೆಗಳನ್ನು ತೋರಿಸುತ್ತೇನೆಂದು ಕರೆದುಕೊಂಡು ಹೋದರು. ಆ ದಾರಿಯಲ್ಲಿ 'ಕನ್ನಡ್' ಎಂಬ ತಾಲೂಕು ಕೇಂದ್ರವಿದೆ. ನಮ್ಮ ಸಂಘದ ಎಷ್ಟೋ ಜನ ಆ ಊರಿನ ಫಲಕದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ, ನನಗೆ ಗೊತ್ತು. ನಾವೂ ಅಲ್ಲಿ ಚಹಕ್ಕೆ ನಿಂತೆವು. ಪಕ್ಕದಲ್ಲಿ ಪಂಜಾಬಿನ ನಂಬರಿನ ಲಾರಿಯೊಂದು ನಿಂತಿತ್ತು. ಮೇಲೆ ಟಾರ್ಪಾಲು, ಕೆಳಗೆ ಸಾಲಾಗಿ ಜೋಡಿಸಿದ ಮೂಟೆಗಳು. ಡ್ರೈವರ್ ಬೇವಿನ ಮರದ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದ. ಎಲ್ಲಿಗೆ ಹೊರಟಿದ್ದೀರಿ ಎಂದು ಸುಮ್ಮನೆ ಹಿಂದಿಯಲ್ಲಿ ಕೇಳಿದೆ.

"ಹಾಸನ್. ಕರ್ನಾಟಕ."

ಕೈಯಲ್ಲಿದ್ದ ಚಹ ಹಾಗೆಯೇ ನಿಂತಿತು. ನಲವತ್ತು ವರ್ಷದ ಹಿಂದೆ ಬಿಟ್ಟು ಬಂದ ಊರಿನ ಹೆಸರನ್ನು ಅಷ್ಟು ದೂರದ ಮನುಷ್ಯನ ಬಾಯಲ್ಲಿ ಕೇಳಿದಾಗ ಹೀಗೇ ಆಗುತ್ತದೆ. ಮೂಟೆಯಲ್ಲಿ ಏನೆಂದು ಕೇಳುವ ಅಗತ್ಯವೇ ಇರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಂಜಾಬಿನಿಂದ ಹಾಸನಕ್ಕೆ ಹೋಗುವುದು ಬಿತ್ತನೆ ಆಲೂಗೆಡ್ಡೆ. ನಮ್ಮೂರಿನ ಭಾಷೆಯಲ್ಲಿ 'ಜಲಂಧರ್ ಬೀಜ'. ಪಂಜಾಬಿನ ಸಂಗ್ರೂರಿನಲ್ಲಿ ಶುರುವಾಗಿ, ಧುಳೆ, ಕನ್ನಡ್, ಸಂಭಾಜಿನಗರ, ಬೀಡ್, ಸೋಲಾಪುರ, ವಿಜಯಪುರ, ಹುಬ್ಬಳ್ಳಿಗಳನ್ನು ಹಾದು ಅಂಕೋಲೆಯ ಕಡಲಿಗೆ ಮುಟ್ಟುವ 52ನೇ ರಾಷ್ಟ್ರೀಯ ಹೆದ್ದಾರಿ ಇದೇ. ನಮ್ಮೂರಿನ ಬೀಜ ನಮ್ಮ ಮಗಳ ಮನೆಯ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು, ನನಗೆ ಗೊತ್ತಿರಲಿಲ್ಲ.

ನಾನು ಓಝರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು ಎಂಬುದು ನಿಮಗೆಲ್ಲ ತಿಳಿದದ್ದೇ. ಅಲ್ಲಿ ಒಂದು ಅಭ್ಯಾಸ ಮೈಗೆ ಹತ್ತಿಬಿಟ್ಟಿದೆ. ಯಾವ ವಸ್ತು ಕಂಡರೂ ಮೊದಲು ಅದರ ಚೀಟಿ ಹುಡುಕುವುದು. ಎಂಥ ಸಣ್ಣ ನಟ್ಟೇ ಆಗಲಿ, ತಪಾಸಣೆಯ ಚೀಟಿ ಇಲ್ಲದೆ ವಿಮಾನಕ್ಕೆ ಏರುವುದಿಲ್ಲ. ಎಲ್ಲಿ ತಯಾರಾಯಿತು, ಯಾರು ಪರೀಕ್ಷೆ ಮಾಡಿದರು, ಯಾವ ದಿನ, ಎಲ್ಲವೂ ಅದರಲ್ಲಿರಬೇಕು. ಹಾಗಾಗಿ ಮೂಟೆಯ ಬಾಯಿಯತ್ತ ನೋಡಿದೆ. ಹೊಲಿಗೆ ಇತ್ತು, ಚೀಟಿ ಇರಲಿಲ್ಲ. "ಬೀಜದ ಚೀಟಿ ಇಲ್ಲವೇ?" ಎಂದೆ. ಡ್ರೈವರ್ ನಕ್ಕು, "ಚೀಟಿ ನೋಡಿ ಯಾರು ಕೊಳ್ಳುತ್ತಾರೆ ಸಾಹೇಬ್, ಎಲ್ಲರೂ ಗೆಡ್ಡೆ ನೋಡಿಯೇ ಕೊಳ್ಳುವುದು" ಎಂದ. ಅವನ ಕಾಗದದಲ್ಲೂ 'ಆಲೂ' ಎಂದಷ್ಟೇ ಇತ್ತು.

ಅವನ ತಪ್ಪೇನೂ ಇಲ್ಲ. ಅವನು ಹೇಳಿದ್ದು ಸತ್ಯ. ಆ ಸತ್ಯಕ್ಕೆ ನಮ್ಮ ಮನೆ ಒಮ್ಮೆ ಬೆಲೆ ತೆತ್ತಿದೆ.

ತಮ್ಮನ ಎರಡು ಎಕರೆ

ಹತ್ತು ವರ್ಷಕ್ಕೂ ಹಿಂದಿನ ಮಾತು. ಊರಿನಲ್ಲಿ ಜಮೀನು ನೋಡಿಕೊಳ್ಳುವವನು ನನ್ನ ತಮ್ಮ. ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಅವನ ಫೋನ್ ಬರುವುದು ವಾಡಿಕೆ. "ಅಣ್ಣಯ್ಯ, ಬೀಜಕ್ಕೆ ಸ್ವಲ್ಪ ದುಡ್ಡು ಬೇಕಿತ್ತು." ಆಲೂಗೆಡ್ಡೆ ಬೇಸಾಯದಲ್ಲಿ ಅತಿ ದೊಡ್ಡ ಖರ್ಚೇ ಬೀಜದ್ದು. ರಾಗಿಗಾದರೆ ಎಕರೆಗೆ ಕೆಲವು ಕಿಲೋ ಸಾಕು, ಆಲೂಗೆಡ್ಡೆಗೆ ಆರರಿಂದ ಎಂಟು ಕ್ವಿಂಟಲ್ ಬೇಕು. ಆ ವರ್ಷ ಎರಡು ಬಗೆಯ ಮಾಲು ಇದೆ, ಒಂದಕ್ಕೆ ಮೂಟೆಗೆ ಇನ್ನೂರು ರೂಪಾಯಿ ಹೆಚ್ಚು ಎಂದ. ನಾನು ಇಲ್ಲಿ ಫ್ಯಾನಿನ ಕೆಳಗೆ ಕೂತು, "ಎರಡೂ ಆಲೂಗೆಡ್ಡೆಯೇ ತಾನೇ, ಕಡಿಮೆಯದ್ದೇ ತಗೋ" ಎಂದುಬಿಟ್ಟೆ. ತಪಾಸಣೆಯ ಚೀಟಿ ಇಲ್ಲದ ನಟ್ಟನ್ನು ಕೈಯಲ್ಲೂ ಹಿಡಿಯದ ನಾನು, ಎರಡು ಎಕರೆಗೆ ಹಾಕುವ 28 ಮೂಟೆ ಬೀಜಕ್ಕೆ ಚೀಟಿ ಉಂಟೇ ಎಂದು ಕೇಳಲಿಲ್ಲ.

ನೆಟ್ಟು ಇಪ್ಪತ್ತೈದು ದಿನವಾದರೂ ಸಾಲಿನಲ್ಲಿ ಮೂರನೆಯ ಒಂದು ಪಾಲು ಮೊಳಕೆಯೇ ಬರಲಿಲ್ಲ. ಬಂದ ಗಿಡಗಳಲ್ಲಿ ಕೆಲವು ಎಲೆ ಮುದುರಿಕೊಂಡು ಕುಳ್ಳಾಗಿ ನಿಂತವು. ಜುಲೈನಲ್ಲಿ ಬಿಡದ ಜಡಿಮಳೆ ಹಿಡಿದ ಮೇಲೆ ಎಲೆಗಳ ಅಂಚು ಬಿಸಿನೀರು ಚೆಲ್ಲಿದಂತೆ ಕಪ್ಪಾಯಿತು. ನಾಲ್ಕೇ ದಿನದಲ್ಲಿ ಹೊಲಕ್ಕೆ ಹೊಲವೇ ಸುಟ್ಟಂತಾಗಿ, ದಾರಿಯವರೆಗೂ ಕೊಳೆತ ವಾಸನೆ. ಅದು ಅಂಗಮಾರಿ. ಮಾರಿದವರ ಬಳಿ ತಮ್ಮ ಹೋದಾಗ ಅವರು ಬಿಲ್ಲು ತೋರಿಸೆಂದರು. ಬಿಲ್ಲಿನಲ್ಲಿ 'ಆಲೂಗೆಡ್ಡೆ, 28 ಮೂಟೆ' ಎಂದಿತ್ತು, 'ಬಿತ್ತನೆ' ಎಂಬ ಪದ ಎಲ್ಲಿಯೂ ಇರಲಿಲ್ಲ. "ನೀವು ತಿನ್ನಲು ಕೊಂಡಿರೋ ನೆಡಲು ಕೊಂಡಿರೋ ನಮಗೇನು ಗೊತ್ತು" ಎಂದರಂತೆ. ತಮ್ಮ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. "ಅಣ್ಣಯ್ಯ, ನೋಡಕ್ಕೆ ಗೆಡ್ಡೆ ಚೆನ್ನಾಗೇ ಇತ್ತು" ಎಂದಷ್ಟೇ ಹೇಳಿದ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಅದಾದ ಮೇಲೆಯೇ ನಾನು ಈ ವಿಷಯವನ್ನು ಓದಿ, ಕೇಳಿ ತಿಳಿಯಲು ಹೊರಟದ್ದು.

ನೂಲಿನಂತೆ ಸೀರೆ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಮ್ಮ ಹಿರಿಯರು ಹೇಳಿದ್ದು ಆಲೂಗೆಡ್ಡೆಗೆ ಅಕ್ಷರಶಃ ನಿಜ. ನಾವು 'ಬೀಜ' ಎನ್ನುವುದು ನಿಜಕ್ಕೂ ಬೀಜವಲ್ಲ, ತಾಯಿಗಿಡದ ಮೈಯ ಒಂದು ತುಂಡು. ಜೋಳ, ರಾಗಿಗಳ ಗಿಡಕ್ಕೆ ಬಂದ ಎಷ್ಟೋ ನಂಜುರೋಗಗಳು ಬೀಜದವರೆಗೆ ಹೋಗುವುದಿಲ್ಲ. ಆಲೂಗೆಡ್ಡೆಯಲ್ಲಿ ತಾಯಿಯ ಗುಣವೂ ರೋಗವೂ ಒಂದೇ ಗಂಟಿನಲ್ಲಿ ಮಗಳಿಗೆ ಬರುತ್ತವೆ. ಎಲೆ ಸುರುಳಿ ರೋಗ, ಮೊಸಾಯಿಕ್ ಮುಂತಾದ ನಂಜುಗಳನ್ನು ಸಸ್ಯಹೇನುಗಳು ಗಿಡದಿಂದ ಗಿಡಕ್ಕೆ ಹೊತ್ತು ತರುತ್ತವೆ. ಗೆಡ್ಡೆಯೊಳಗೆ ಸೇರಿದ ಮೇಲೆ ಅವಕ್ಕೆ ಯಾವ ಔಷಧಿಯೂ ಇಲ್ಲ. ಹೊರಗಿನಿಂದ ನೋಡಿದರೆ ಗೆಡ್ಡೆ ದುಂಡಗೆ, ಹೊಳಪಾಗಿಯೇ ಇರುತ್ತದೆ. ವರ್ಷವರ್ಷವೂ ಅದನ್ನೇ ನೆಡುತ್ತ ಹೋದರೆ ಇಳುವರಿ ಇಳಿಯುತ್ತ ಹೋಗುತ್ತದೆ. ರೈತರು ಅದಕ್ಕೆ 'ಬೀಜ ಹಳೆಯದಾಯಿತು' ಎನ್ನುತ್ತಾರೆ. ಬೀಜ ಹಳೆಯದಾಗುವುದಿಲ್ಲ, ಕಾಯಿಲೆ ಬೀಳುತ್ತದೆ.

ಮತ್ತೆ ಜಲಂಧರ್ ಏಕೆ? ಇದರ ಹಿಂದೆ ಒಂದು ಒಳ್ಳೆಯ ಕಥೆಯಿದೆ. ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಾಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಮೊದಲು ಒಳ್ಳೆಯ ಬೀಜವೆಂದರೆ ತಂಪು ಬೆಟ್ಟಗಳಲ್ಲಿ ಬೆಳೆದದ್ದು ಮಾತ್ರ ಎಂಬ ನಂಬಿಕೆಯಿತ್ತು, ಏಕೆಂದರೆ ಬಯಲಿನಲ್ಲಿ ಹೇನಿನ ಕಾಟ. ಆ ಸಂಸ್ಥೆಯ ವಿಜ್ಞಾನಿ ಪುಷ್ಕರನಾಥ್ ಮತ್ತು ಅವರ ಜೊತೆಗಾರರು ಒಂದು ವಿಷಯ ಕಂಡುಕೊಂಡರು. ಉತ್ತರದ ಬಯಲಿನಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಚಳಿಯಲ್ಲಿ ಹೇನು ಬಹಳ ಕಡಿಮೆ. ಆಗ ಬೆಳೆ ಬೆಳೆದು, ಹೇನು ಹೆಚ್ಚುವ ಮೊದಲೇ ಗಿಡದ ಹಸಿರನ್ನೆಲ್ಲ ಕತ್ತರಿಸಿಬಿಟ್ಟರೆ ನಂಜು ಗೆಡ್ಡೆಗೆ ಇಳಿಯುವುದಿಲ್ಲ. ಇಷ್ಟೇ ಉಪಾಯ. 1960ರ ದಶಕದಿಂದ ಪಂಜಾಬಿನ ಜಲಂಧರ್, ಕಪುರ್ತಲಾ, ಹೋಶಿಯಾರ್‌ಪುರದ ಬಯಲುಗಳು ದೇಶದ ಬೀಜದ ಕಣಜವಾದದ್ದು ಇದರಿಂದಲೇ. ನಮ್ಮ ಹಾಸನದಲ್ಲಿ ಹೇನು ಇಲ್ಲದ ಅಂಥ ಚಳಿಗಾಲ ಇಲ್ಲ. ಅದಕ್ಕಾಗಿಯೇ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಈ ಪ್ರಯಾಣ. ಇಲ್ಲಿ ನಾಶಿಕ-ಪುಣೆ ರಸ್ತೆಯಲ್ಲಿ ಸಿಗುವ ಮಂಚರ್ ಪೇಟೆಗೂ, ಅದರಾಚೆಯ ಸಾತಗಾಂವ್ ಪಠಾರದ ಮಳೆಗಾಲದ ಬಟಾಟಾ ಬೆಳೆಗೂ ಬೀಜ ಬರುವುದು ಪಂಜಾಬಿನಿಂದಲೇ. ಮರಾಠಿ ರೈತನ ಕಷ್ಟವೂ ಕನ್ನಡ ರೈತನ ಕಷ್ಟವೂ ಒಂದೇ ಲಾರಿಯಲ್ಲಿ ಬರುತ್ತದೆ ಎನ್ನಿ.

ಚೀಟಿಯ ಹಿಂದಿರುವುದು

ನಮ್ಮ ದೇಶದಲ್ಲಿ 1966ರ ಬೀಜ ಕಾಯ್ದೆ ಇದೆ, ಅದರ ಕೆಳಗೆ ಪ್ರಮಾಣಿತ ಬೀಜಕ್ಕೆ ಕನಿಷ್ಠ ಮಾನದಂಡಗಳಿವೆ. ವಿಜ್ಞಾನಿಗಳ ಕೈಯಲ್ಲಿ ಹುಟ್ಟುವ ತಳಿವರ್ಧಕ ಬೀಜಕ್ಕೆ ಹಳದಿ ಚೀಟಿ, ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ ಚೀಟಿ, ಅದರ ಮುಂದಿನ ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ಬಣ್ಣ ನೆನಪಿಟ್ಟುಕೊಳ್ಳುವುದು ಸುಲಭ, ಆದರೆ ಆ ಬಣ್ಣದ ಹಿಂದೆ ಎಷ್ಟು ಕೆಲಸವಿದೆ ನೋಡಿ.

ಬೀಜದ ಹೊಲಕ್ಕೂ ಬೇರೆ ಆಲೂಗೆಡ್ಡೆ ಹೊಲಕ್ಕೂ ನಡುವೆ ಕನಿಷ್ಠ ಐದು ಮೀಟರ್ ಅಂತರವಿರಬೇಕು. ತಪಾಸಣೆಯವರು ನಾಲ್ಕು ಸಲ ಹೊಲಕ್ಕೆ ಬರಬೇಕು. ಗಿಡ ಬೆಳೆಯುತ್ತಿರುವಾಗ ಎರಡು ಸಲ, ಹಸಿರು ಕತ್ತರಿಸಿದ ಕೂಡಲೇ ಒಮ್ಮೆ, ಕತ್ತರಿಸಿದ್ದು ಮತ್ತೆ ಚಿಗುರಿಲ್ಲವೆಂದು ನೋಡಲು ಇನ್ನೊಮ್ಮೆ. ಚಿಗುರಿದರೆ ಆ ಎಳೆಯ ಎಲೆಗೆ ಹೇನು ಮುತ್ತಿಕೊಳ್ಳುತ್ತದೆ, ಮಾಡಿದ್ದೆಲ್ಲ ವ್ಯರ್ಥ. ನೂರು ಎಲೆಗೆ ಇಪ್ಪತ್ತು ಹೇನು ಎಂಬುದು ಅಪಾಯದ ಗೆರೆ, ಅಷ್ಟಾಗುವ ಮೊದಲೇ ಹಸಿರು ನೆಲಕ್ಕೆ ಬೀಳಬೇಕು. ಬೆರಕೆ ಗಿಡ, ನಂಜು ಹತ್ತಿದ ಗಿಡಗಳನ್ನು ಗೆಡ್ಡೆ ಸಮೇತ ಕಿತ್ತು ಹೊರಹಾಕಬೇಕು. ಅಗೆದ ಮೇಲೆ ಗೆಡ್ಡೆಯ ಲೆಕ್ಕ ಬೇರೆ. ಅಂಗಮಾರಿ ತಗುಲಿದ ಗೆಡ್ಡೆ ನೂರಕ್ಕೆ ಒಂದಕ್ಕಿಂತ ಹೆಚ್ಚಿರಬಾರದು, ನೀರು ಸೋರುವ ಕೊಳೆತ ಗೆಡ್ಡೆ ಒಂದೂ ಇರಬಾರದು. ಇಷ್ಟೆಲ್ಲ ನೋಡಿದವರು ಕಟ್ಟುವುದು ಆ ಅಂಗೈ ಅಗಲದ ಚೀಟಿ. ಕಾರ್ಖಾನೆಯಲ್ಲಿ ನಾವು ಕಟ್ಟುತ್ತಿದ್ದ ಚೀಟಿಗಿಂತ ಇದು ಕಡಿಮೆಯದಲ್ಲ.

ತೊಂದರೆ ಇರುವುದು ಒಂದು ಕಡೆ. ಪ್ರಮಾಣೀಕರಣವನ್ನು ಕಾಯ್ದೆ ಕಡ್ಡಾಯ ಮಾಡಿಲ್ಲ, ಬೇಕಾದವರು ಮಾಡಿಸಿಕೊಳ್ಳಬಹುದು. ಬೀಜವೆಂದು ಹೆಸರು ಹಾಕದೆ ಬರೀ ಆಲೂಗೆಡ್ಡೆಯೆಂದು ಮಾರಿದ ಮಾಲನ್ನು ಕಾಯ್ದೆಯ ಕೈ ಹಿಡಿಯುವುದು ಕಷ್ಟ. ತಿನ್ನಲು ಇಟ್ಟ ಗೆಡ್ಡೆಗೆ ಶೀತಲಗೃಹದಲ್ಲಿ ಮೊಳಕೆ ಬಾರದಂತೆ ಔಷಧಿಯ ಹೊಗೆ ಕೊಡುವ ಪದ್ಧತಿಯಿದೆ. ಅಂಥದ್ದು ಬೀಜದ ಮೂಟೆಗೆ ಸೇರಿದರೆ ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತದೆ. ತಮ್ಮನ ಹೊಲದ ಖಾಲಿ ಸಾಲುಗಳಿಗೆ ಇದೇ ಕಾರಣವಿರಬಹುದೆಂದು ನನಗೆ ಎಷ್ಟೋ ಕಾಲದ ಮೇಲೆ ಹೊಳೆಯಿತು. ಇನ್ನು ಪ್ರಯಾಣದ ಮಾತು. ಎರಡರಿಂದ ನಾಲ್ಕು ಡಿಗ್ರಿ ಚಳಿಯಲ್ಲಿದ್ದ ಗೆಡ್ಡೆ ಏಪ್ರಿಲ್ ಬಿಸಿಲಿಗೆ ಬಂದರೆ ತಣ್ಣನೆಯ ಲೋಟದ ಹಾಗೆ ಮೈಯೆಲ್ಲ ಬೆವರುತ್ತದೆ. ಟಾರ್ಪಾಲಿನ ಕೆಳಗೆ ನಾಲ್ಕೈದು ದಿನ ಹಾಗೆಯೇ ಬೆವರಿ ಬೆಂದರೆ ಕೊಳೆ ಶುರುವಾಗಲು ಇನ್ನೇನು ಬೇಕು? ಕನ್ನಡ್ ಊರಿನ ಆ ಲಾರಿಯ ಕೆಳಗೆ ಒಂದೆರಡು ಕಡೆ ನೆಲ ಒದ್ದೆಯಾಗಿದ್ದುದನ್ನು ನಾನೇ ಕಂಡೆ.

ಅಂಗಮಾರಿ ಕಲಿಸಿದ ಪಾಠ

ಬೀಜದ ಗೆಡ್ಡೆಯಲ್ಲಿ ಅಡಗಿ ಬರುವ ಕಾಯಿಲೆ ಎಂಥದ್ದೆಂದು ಜಗತ್ತು ಕಂಡದ್ದು ಐರ್ಲೆಂಡಿನಲ್ಲಿ. 1845ರಲ್ಲಿ ಬಂದ ಅಂಗಮಾರಿ ಆಲೂಗೆಡ್ಡೆಯನ್ನೇ ನಂಬಿದ್ದ ಬಡವರ ಹೊಲಗಳನ್ನು ನುಂಗಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಒಟ್ಟೊ ಆಪೆಲ್ ಎಂಬ ವಿಜ್ಞಾನಿ, ಗೆಡ್ಡೆಯನ್ನು ಸಂತೆಯಲ್ಲಿ ನೋಡಿ ಪ್ರಯೋಜನವಿಲ್ಲ, ಗಿಡವನ್ನು ಹೊಲದಲ್ಲೇ ನೋಡಿ ಬೀಜಕ್ಕೆ ಒಪ್ಪಿಗೆ ಕೊಡಬೇಕು ಎಂಬ ಕ್ರಮವನ್ನು ಬೆಳೆಸಿದರು. ಅಮೆರಿಕದವರೂ ಅವರಿಂದ ಕಲಿತರು. ಬೀಜದ ಆಲೂಗೆಡ್ಡೆಗೆ ಹೆಸರಾದ ಹಾಲೆಂಡಿನಲ್ಲಿ 1932ರಿಂದ ಇದಕ್ಕೆಂದೇ ಒಂದು ತಪಾಸಣಾ ಸಂಸ್ಥೆ ಕೆಲಸ ಮಾಡುತ್ತಿದೆ. ಈಗ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗವೂ ದೇಶದೇಶಗಳ ನಡುವಿನ ಬಿತ್ತನೆ ಆಲೂಗೆಡ್ಡೆ ವ್ಯಾಪಾರಕ್ಕೆ ಮಾನದಂಡ ಮಾಡಿದೆ.

ನಮ್ಮ ಹಾಸನದ ಪಾಠ ಇನ್ನೂ ಹಸಿಯಾಗಿದೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿ ಅಂಗಮಾರಿಯನ್ನು ತಾಳಿಕೊಳ್ಳುತ್ತದೆಂದೇ ಹೆಸರು ಮಾಡಿತ್ತು. ನಮ್ಮ ರೈತರು ದಶಕಗಳ ಕಾಲ ಕಣ್ಣುಮುಚ್ಚಿ ಅದನ್ನೇ ನೆಟ್ಟರು. ಕಾಲ ಕಳೆದಂತೆ ರೋಗ ಬದಲಾಯಿತು, ತಳಿ ಬದಲಾಗಲಿಲ್ಲ. 2009-10ರಲ್ಲಿ ದಕ್ಷಿಣ ಭಾರತದಲ್ಲಿ ಟೊಮೆಟೊ ಬೆಳೆಯನ್ನು ನಾಶಮಾಡಿದ ಅಂಗಮಾರಿಯನ್ನು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದಾಗ, ಅದು ಯುರೋಪಿನಲ್ಲಿ ಹಬ್ಬಿದ್ದ ಹೊಸ ಉಗ್ರ ವಂಶವೇ ಎಂದು ತಿಳಿಯಿತು. ಟೊಮೆಟೊ, ಆಲೂಗೆಡ್ಡೆ ಎರಡಕ್ಕೂ ತಗುಲುವ ರೋಗಾಣು ಒಂದೇ. ರೈತರು ನಂಬಿದ್ದ ಹಳೆಯ ಔಷಧಿಯೊಂದಕ್ಕೂ ಈ ವಂಶ ಬಗ್ಗುವುದಿಲ್ಲ. ಸಮುದ್ರ ದಾಟಿ ಅದು ಬಂದದ್ದು ಬೀಜದ ಗೆಡ್ಡೆಯಲ್ಲೇ ಇರಬೇಕೆಂದು ಅವರ ಊಹೆ. ಒಂದು ಕಾಲಕ್ಕೆ ನಲವತ್ತು ಸಾವಿರ ಹೆಕ್ಟೇರಿಗೂ ಮಿಕ್ಕಿದ್ದ ಹಾಸನ ಜಿಲ್ಲೆಯ ಆಲೂಗೆಡ್ಡೆ ಈಗ ಅದರ ಕಾಲುಭಾಗಕ್ಕೂ ಕಷ್ಟ. ಆ ಹೊಲಗಳಲ್ಲಿ ಇವತ್ತು ಮುಸುಕಿನ ಜೋಳ, ಶುಂಠಿ.

ಮಾನದಂಡ ಎಂಬುದು ಬಡ ರೈತನಿಗೆ ಮಾತ್ರ ಹೇಳುವ ಬುದ್ಧಿವಾದವೂ ಅಲ್ಲ. ಗೆಡ್ಡೆಯ ಬೇರಿಗೆ ಗಂಟುಬೀಳುವ ಒಂದು ಜಂತುಹುಳು 1961ರಲ್ಲಿ ನೀಲಗಿರಿಯಲ್ಲಿ ಕಂಡಿತ್ತು. ಅದೇ ಹುಳು ಉತ್ತರದ ಬೆಟ್ಟಗಳಲ್ಲೂ ಕಾಣಿಸಿಕೊಂಡಾಗ 2018ರಲ್ಲಿ ಕೇಂದ್ರ ಸರ್ಕಾರ ಹಿಮಾಚಲ, ಜಮ್ಮು-ಕಾಶ್ಮೀರ, ಉತ್ತರಾಖಂಡಗಳಿಂದ ಬಿತ್ತನೆ ಆಲೂಗೆಡ್ಡೆ ಹೊರಗೆ ಹೋಗದಂತೆ ತಡೆ ಹಾಕಿತು. ಆಲೂಗೆಡ್ಡೆ ಸಂಶೋಧನೆಯ ತವರೇ ಆ ಬೆಟ್ಟ. ಅಲ್ಲಿಯ ಬೀಜಕ್ಕೂ ವಿನಾಯಿತಿ ಸಿಗಲಿಲ್ಲ. ನಿಯಮ ಹೀಗಿರಬೇಕು.

ನಾಶಿಕದ ದ್ರಾಕ್ಷಿ, ನಮ್ಮ ಗೆಡ್ಡೆ

ಇದೆಲ್ಲ ನಮ್ಮ ದೇಶದಲ್ಲಿ ಆಗುವ ಕೆಲಸವಲ್ಲ ಎನ್ನುವವರಿಗೆ ನಾನು ದೂರ ಹೋಗದೆ ನಮ್ಮ ಬಾಗಿಲಲ್ಲಿರುವ ದ್ರಾಕ್ಷಿ ತೋಟಗಳನ್ನೇ ತೋರಿಸುತ್ತೇನೆ. 2003ರ ಸುಮಾರಿಗೆ ಯುರೋಪಿನವರು ನಮ್ಮ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಹೆಚ್ಚಿದೆಯೆಂದು ತಕರಾರು ತೆಗೆದರು. 2010ರಲ್ಲಿ ಇನ್ನೊಂದು ಔಷಧಿಯ ಕಾರಣಕ್ಕೆ ಮತ್ತೆ ಪೆಟ್ಟು ಬಿತ್ತು. ದಿಂಡೋರಿ, ನಿಫಾಡದ ರೈತರು ಗೊಣಗಿದರು, ಆದರೆ ಕಲಿತರು. ಇವತ್ತು ರಫ್ತಿಗೆ ಹೋಗುವ ಪೆಟ್ಟಿಗೆ ಯಾವ ತೋಟದ್ದು ಎಂದು ಗುರುತಿಸಬಹುದು. ತೋಟ ನೋಂದಣಿಯಾಗಿರಬೇಕು, ಪ್ರಯೋಗಾಲಯದ ಪರೀಕ್ಷೆಯಾಗಿರಬೇಕು. ಹಾಗೆಯೇ ಸಂಭಾಜಿನಗರದಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ಜಾಲನಾ ಊರನ್ನು ನೋಡಿ. 1964ರಲ್ಲಿ ಬಿ. ಆರ್. ಬಾರವಾಲೆಯವರು ಅಲ್ಲಿ ಬೀಜದ ಉದ್ಯಮ ಕಟ್ಟಿದರು, 1998ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಆ ಕಡೆಯ ಯಾವ ಅಂಗಡಿಗೆ ಹೋದರೂ ಹತ್ತಿ ಬೀಜದ ಪೊಟ್ಟಣದ ಮೇಲೆ ಲಾಟ್ ನಂಬರು, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನ ಎಲ್ಲ ಇರುತ್ತದೆ.

ಲಂಡನ್ನಿನವರು ತಿನ್ನುವ ದ್ರಾಕ್ಷಿಯ ಗೊಂಚಲಿಗೆ ವಿಳಾಸವಿದೆ. ಅರ್ಧ ಕಿಲೋ ಹತ್ತಿ ಬೀಜಕ್ಕೆ ಜಾತಕವಿದೆ. ಸಾಲ ಮಾಡಿ ಕೊಳ್ಳುವ ಹದಿನಾಲ್ಕು ಕ್ವಿಂಟಲ್ ಆಲೂಗೆಡ್ಡೆಗೆ ಮಾತ್ರ ತಂದೆ ತಾಯಿ ಯಾರೆಂದು ಗೊತ್ತಿಲ್ಲ. ದ್ರಾಕ್ಷಿಯಲ್ಲಿ ಕೊಳ್ಳುವವನು ಕೇಳಿದ, ಅದಕ್ಕೆ ಕಾಗದ ಬಂತು. ಆಲೂಗೆಡ್ಡೆಯಲ್ಲಿ ಕೊಳ್ಳುವವನು ಇನ್ನೂ ಕೇಳಿಲ್ಲ. ಈ ಬರಹದಲ್ಲಿ ನಾನು ಹೇಳಬೇಕಾದ್ದು ಇದೊಂದೇ ಮಾತು.

ಹೊಸ ದಾರಿ

ಕತ್ತಲೆಯೇ ಎಲ್ಲ ಎಂದು ಮುಗಿಸಿದರೆ ಸುಳ್ಳಾಗುತ್ತದೆ. ಪಂಜಾಬು ಟಿಶ್ಯೂ ಕಲ್ಚರಿನಿಂದ ಹುಟ್ಟಿದ ಬಿತ್ತನೆ ಆಲೂಗೆಡ್ಡೆಗೆಂದೇ 2020ರ ಕಾಯ್ದೆಯೊಂದನ್ನು ಮಾಡಿಕೊಂಡಿದೆ. ನಮ್ಮ ಹಾಸನದಲ್ಲೂ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದವರು ಸೇರಿ ಹೊಸ ಪದ್ಧತಿಯೊಂದನ್ನು ತಂದಿದ್ದಾರೆ. ಪ್ರಯೋಗಾಲಯದಲ್ಲಿ ರೋಗವಿಲ್ಲದೆ ಬೆಳೆಸಿದ ಗಿಡದ ಕುಡಿಯನ್ನು ಕತ್ತರಿಸಿ, ಟ್ರೇಗಳಲ್ಲಿ ಬೇರು ಬರಿಸಿ, ಟೊಮೆಟೊ ಸಸಿಯ ಹಾಗೆ ರೈತನಿಗೆ ಕೊಡುತ್ತಾರೆ. ಮಾತೃಗಿಡದಿಂದ ಮತ್ತೆ ಮತ್ತೆ ಕುಡಿ ತೆಗೆಯಬಹುದು. ರೈತ ಆ ಸಸಿಗಳನ್ನು ಸ್ವಲ್ಪ ಜಾಗದಲ್ಲಿ ನೆಟ್ಟು, ಬಂದ ಗೆಡ್ಡೆಯನ್ನು ಮುಂದಿನ ಹಂಗಾಮಿಗೆ ಬೀಜ ಮಾಡಿಕೊಳ್ಳಬಹುದು. ವಿಯೆಟ್ನಾಮಿನ ದಾ ಲಾತ್ ಬೆಟ್ಟದ ರೈತರು ಹೀಗೆ ಕುಡಿ ನೆಟ್ಟು ಎಷ್ಟೋ ದಶಕಗಳಾಗಿವೆ. ತಮ್ಮನೂ ಎರಡು ವರ್ಷದ ಹಿಂದೆ ಮನೆಯ ಹಿಂದಿನ ಹತ್ತು ಗುಂಟೆಯಲ್ಲಿ ಈ ಸಸಿ ಹಾಕಿದ. ಮೊದಲ ವರ್ಷ ಅಕ್ಕಪಕ್ಕದವರು, "ಸೌತೆ ಹಾಕಿದ್ದೀಯೇನೋ" ಎಂದು ನಕ್ಕರಂತೆ. ಅಗೆದ ಮೇಲೆ ಇಬ್ಬರು ಬೀಜ ಕೇಳಲು ಬಂದರಂತೆ. ಹೇನು ಇರುವ ಊರಾದ್ದರಿಂದ ಅದನ್ನೇ ವರ್ಷಗಟ್ಟಲೆ ಉಳಿಸಿಕೊಳ್ಳಲಾಗದು, ಒಂದೆರಡು ತಲೆಮಾರಿನ ಮೇಲೆ ಮತ್ತೆ ಹೊಸ ಸಸಿ ತರಲೇಬೇಕು. ಆದರೂ ತನ್ನ ಬೀಜದ ತಾಯಿ ಯಾರೆಂದು ಈಗ ಅವನಿಗೆ ಗೊತ್ತು.

ಊರಿಗೆ ದುಡ್ಡು ಕಳಿಸುವವರಿಗೆ

ನಮ್ಮಲ್ಲಿ ಎಷ್ಟೋ ಜನ ಹಾಸನ, ಚಿಕ್ಕಮಗಳೂರು, ಕೋಲಾರ, ಬೆಳಗಾವಿಯ ಕಡೆ ಜಮೀನು ಇಟ್ಟುಕೊಂಡು, ಬೇಸಾಯದ ಕಾಲಕ್ಕೆ ದುಡ್ಡು ಕಳಿಸುವವರು. ನಿಮ್ಮ ಅಣ್ಣತಮ್ಮಂದಿರಿಗೆ ತಿಳಿಸಲು ಕೆಲವು ಮಾತು.

ಕೊಳ್ಳುವಾಗ ಚೀಟಿ ಕೇಳಲಿ. ಬಿಲ್ಲಿನಲ್ಲಿ 'ಬಿತ್ತನೆ ಆಲೂಗೆಡ್ಡೆ' ಎಂದೂ ತಳಿಯ ಹೆಸರೂ ಬರೆಸಿಕೊಳ್ಳಲಿ. ಬರೆಯಲು ಒಪ್ಪದವರ ಮಾಲು ಅಗ್ಗವಾದರೂ ಬೇಡ. ಒಂದೇ ಮೂಟೆಯಲ್ಲಲ್ಲ, ನಾಲ್ಕಾರು ಮೂಟೆಗಳಿಂದ ಹತ್ತಿಪ್ಪತ್ತು ಗೆಡ್ಡೆ ತೆಗೆದು ಕತ್ತರಿಸಿ ನೋಡಲಿ. ಒಳಗೆ ಕಂದು ಉಂಗುರವಿದ್ದು, ಹಿಂಡಿದರೆ ಕೆನೆಯಂಥ ದ್ರವ ಬಂದರೆ ಅದು ದುಂಡಾಣು ಸೊರಗು ರೋಗ. ಅದು ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಹೋಗುವುದಿಲ್ಲ. ಬೆವರಿ ಬಂದ ಮೂಟೆಯನ್ನು ಮನೆಗೆ ತಂದ ದಿನವೇ ಬಿಚ್ಚಿ, ಗಾಳಿಯಾಡುವ ನೆರಳಿನಲ್ಲಿ ಹರಡಿ, ಎಂಟು ಹತ್ತು ದಿನ ಬಿಟ್ಟು, ಗಟ್ಟಿ ಮೊಳಕೆ ಬಂದವನ್ನು ಮಾತ್ರ ನೆಡಲಿ. ಮೊಳಕೆ ಬಾರದ್ದನ್ನು, ಕೂದಲೆಳೆಯಂತೆ ಸಣ್ಣ ಮೊಳಕೆ ಬಂದದ್ದನ್ನು ಅಲ್ಲಿಯೇ ಬೇರೆ ಮಾಡಲಿ. ಸಣ್ಣ ಗೆಡ್ಡೆಯಾದರೆ ಇಡಿಯಾಗಿ ನೆಡುವುದೇ ಮೇಲು. ಕತ್ತರಿಸಲೇಬೇಕಾದರೆ ತುಂಡಿಗೆ ಎರಡು ಮೂರು ಕಣ್ಣಿರಲಿ, ಕುಡುಗೋಲನ್ನು ಆಗಾಗ ರೋಗನಾಶಕ ದ್ರಾವಣದಲ್ಲಿ ಅದ್ದುತ್ತಿರಲಿ, ಗಾಯ ಒಣಗಿದ ಮೇಲೆ ನೆಡಲಿ. ಒಂದು ಕೊಳೆತ ಗೆಡ್ಡೆ ಕುಯ್ದ ಕುಡುಗೋಲು ಮುಂದಿನ ಎಷ್ಟೋ ಗೆಡ್ಡೆಗೆ ರೋಗ ಹಚ್ಚುತ್ತದೆ.

ಚೀಟಿ ಇದ್ದ ಮಾತ್ರಕ್ಕೆ ಅಂಗಮಾರಿ ಬಾರದು ಎಂದಲ್ಲ. ಪಕ್ಕದ ಹೊಲದಿಂದ ಗಾಳಿಯಲ್ಲೂ ಅದು ಬರುತ್ತದೆ, ಮಳೆ ಹಿಡಿದಾಗ ಔಷಧಿ ಹೊಡೆಯಲೇಬೇಕು. ಆದರೆ ಶತ್ರುವನ್ನು ನಾವೇ ದುಡ್ಡು ಕೊಟ್ಟು, ಬಾಡಿಗೆ ಕೊಟ್ಟು, ಮನೆಗೆ ತಂದು ಮಣ್ಣಿನಲ್ಲಿ ಮಲಗಿಸುವುದು ತಪ್ಪುತ್ತದೆ.

ಆ ದಿನ ಲಾರಿ ಹೊರಟು ಸಂಭಾಜಿನಗರದ ಕಡೆಗೆ ತಿರುಗಿತು. ನಾನು ತಮ್ಮನಿಗೆ ಫೋನ್ ಹಚ್ಚಿ, "ನಿಮ್ಮೂರಿಗೆ ಬೀಜ ಬರ್ತಾ ಇದೆ ಕಣಪ್ಪ, ಈಗ ತಾನೇ ಇಲ್ಲಿಂದ ಹೊರಟಿತು" ಎಂದೆ. ಅವನು ನಗಲಿಲ್ಲ. "ಚೀಟಿ ಇತ್ತಾ ಅಣ್ಣಯ್ಯ?" ಎಂದು ಕೇಳಿದ.

ಇಲ್ಲವೆಂದೆ. "ಹಾಗಾದ್ರೆ ನಮ್ಮ ಬೀದೀಲಿ ಹೇಳಿರ್ತೀನಿ" ಎಂದ. ಆ ವರ್ಷ ನಾನು ಕೇಳದೇ ಬಿಟ್ಟ ಪ್ರಶ್ನೆಯನ್ನು ಈಗ ಅವನೇ ಕೇಳುತ್ತಿದ್ದಾನೆ. ನನ್ನ ಸಮಾಧಾನಕ್ಕೆ ಅಷ್ಟು ಸಾಕು. ನೀವೂ ಮುಂದಿನ ಮೇ ತಿಂಗಳಲ್ಲಿ ಊರಿಗೆ ದುಡ್ಡು ಕಳಿಸುವಾಗ, ಅದರ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಕಳಿಸಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ, ಮಳೆ ಬೆಳೆ ಚೆನ್ನಾಗಿರಲಿ.